ಮೂವತ್ತು ಸೆಕೆಂಡಿನ ಗಡುವು

ನನ್ನ ಅಕ್ಕನ ಮಗನದು ಔಷಧಿಗಳ ಸಗಟು ವ್ಯಾಪಾರ. ಸುತ್ತಲಿನ ಊರುಗಳ ಮೆಡಿಕಲ್ ಅಂಗಡಿಗಳಿಂದ ಫೋನಿನಲ್ಲಿ ಬರುವ ಆರ್ಡರುಗಳನ್ನು ನಾಲ್ವರು ಹುಡುಗರು ಕಂಪ್ಯೂಟರಿನಲ್ಲಿ ದಾಖಲಿಸುತ್ತಾರೆ. ಕೆಲವು ತಿಂಗಳ ಹಿಂದೆ ಅವನಿಗೊಂದು ತಲೆನೋವು ಗಂಟುಬಿತ್ತು. ಆಗಾಗ ಪರದೆಯ ಮೇಲೆ ‘ಟೈಮ್ ಔಟ್’ ಎಂಬ ಸಂದೇಶ. ಹುಡುಗರು ಮತ್ತೆ ಗುಂಡಿ ಒತ್ತುತ್ತಿದ್ದರು. ಒಂದು ದಿನ ಇನ್ಸುಲಿನ್‌ನ ಒಂದೇ ಆರ್ಡರು ಎರಡು ಬಾರಿ ದಾಖಲಾಗಿ, ಇದ್ದ ದಾಸ್ತಾನೆಲ್ಲ ಒಂದೇ ಅಂಗಡಿಗೆ ಹೋಯಿತು. ಪಕ್ಕದೂರಿನ ಅಂಗಡಿಗೆ ಅಂದು ಕೊಡಲು ಏನೂ ಇಲ್ಲ.

“ಮಾವ, ನೀವು ಸೈನ್ಸ್ ಮೇಷ್ಟ್ರಲ್ವಾ, ಸ್ವಲ್ಪ ಬಂದು ನೋಡಿ” ಎಂದ. ಬಲ್ಬು ಹೋದರೂ ನನ್ನನ್ನೇ ಕರೆಯುವುದು ನಮ್ಮ ಮನೆತನದ ರೂಢಿ!

ಟೈಮ್ ಔಟ್ ಎಂದರೇನು? ಹುಡುಗನ ಕಂಪ್ಯೂಟರು ಒಳಕೋಣೆಯ ಸರ್ವರಿಗೆ ‘ಈ ಆರ್ಡರು ಬರೆದುಕೋ’ ಎಂದು ಹೇಳಿ ಉತ್ತರಕ್ಕೆ ಕಾಯುತ್ತದೆ. ಕಾಯುವುದಕ್ಕೊಂದು ಗಡುವು, ಎಷ್ಟೋ ತಂತ್ರಾಂಶಗಳಲ್ಲಿ ಅದು 30 ಸೆಕೆಂಡು. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಕೈಬಿಡುತ್ತದೆ. ವಿದ್ಯಾರ್ಥಿಗಳು ಇಲ್ಲೊಂದು ಅಂಶ ಗಮನಿಸಬೇಕು. ಇದರ ಅರ್ಥ ‘ಕೆಲಸ ಆಗಲಿಲ್ಲ’ ಎಂದಲ್ಲ, ‘ಆಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ’ ಎಂದು. ಹಿಂದೆ ಊರಿಗೆ ಮನಿಯಾರ್ಡರು ಮಾಡಿ ರಸೀತಿ ಬಾರದಿದ್ದರೆ, ಕಳೆದದ್ದು ಹಣವೋ ರಸೀತಿಯೋ ಎಂದು ಕಳಿಸಿದವನಿಗೆ ಹೇಗೆ ಗೊತ್ತಾಗಬೇಕು?

ತಂತ್ರಾಂಶ ಕೊಟ್ಟವರು ಗಡುವನ್ನು 120 ಸೆಕೆಂಡಿಗೆ ಏರಿಸಿ ಹೋಗಿದ್ದರು. ಜ್ವರಕ್ಕೆ ದೊಡ್ಡ ಥರ್ಮಾಮೀಟರು ತಂದಂತೆ! ಎರಡು ಹೊಸ ಕಂಪ್ಯೂಟರುಗಳೂ ಬಂದಿದ್ದವು. ಫಲ ಸೊನ್ನೆ.

ನಾನು ಮಾಡಿದ್ದಿಷ್ಟೇ: ನೂರು ಪುಟದ ನೋಟ್‌ಬುಕ್ ಕೊಟ್ಟು, ಪ್ರತಿ ಬಾರಿ ಟೈಮ್ ಔಟ್ ಆದಾಗ ಗಂಟೆ, ಯಾವ ಕೆಲಸ, ಆಗ ಬೇರೆಯವರು ಏನು ಮಾಡುತ್ತಿದ್ದರು ಎಂದು ಬರೆಯಿರಿ, ಬೇರೇನೂ ಬದಲಿಸಬೇಡಿ ಎಂದೆ. ಒಂದು ವಾರದಲ್ಲಿ ಚಿತ್ರ ಮೂಡಿತು. ತೊಂದರೆಯೆಲ್ಲ ಮಧ್ಯಾಹ್ನ 12ರಿಂದ 1ರೊಳಗೆ, ಅದೂ ಆರ್ಡರು ಉಳಿಸುವಾಗ ಮಾತ್ರ. ದರ ನೋಡಲು ಅಡ್ಡಿಯಿರಲಿಲ್ಲ. ಹಾಗಾಗಿ ಕೇಬಲ್ಲಿನ ಮೇಲಿನ ಅನುಮಾನ ಹೋಯಿತು. ಅದೇ ಹೊತ್ತಿಗೆ ಲೆಕ್ಕಿಗರು ವರ್ಷದ ದಾಸ್ತಾನು ವರದಿ ತೆಗೆಯುತ್ತಿದ್ದರು. ಓದುವಾಗ ಲೆಕ್ಕ ಕದಡಬಾರದೆಂದು ಸರ್ವರು ದಾಸ್ತಾನು ಪುಸ್ತಕಕ್ಕೆ ಬೀಗ ಹಾಕುತ್ತಿತ್ತು. ಬರೆಯಬೇಕಾದ ಆರ್ಡರುಗಳು ಬಾಗಿಲಲ್ಲಿ ಸಾಲುಗಟ್ಟುತ್ತಿದ್ದವು.

ವರದಿಯನ್ನು ಸಂಜೆಗೆ ಹಾಕಿದೆವು. ಟೈಮ್ ಔಟ್ ನಿಂತಿತು. ವರದಿ ಅಷ್ಟು ನಿಧಾನವಾದದ್ದೇಕೆ? ಸೂಚಿ ಇಲ್ಲದೆ ಮೊದಲಿನಿಂದ ಕೊನೆಯವರೆಗೆ ಹುಡುಕುತ್ತಿತ್ತು. ಲಕ್ಷ ಪದಗಳ ನಿಘಂಟನ್ನು ಒಂದೊಂದಾಗಿ ಓದಿದರೆ ಲಕ್ಷ ಹೆಜ್ಜೆ. ಅಕಾರಾದಿಯಾಗಿದ್ದರೆ ಅರ್ಧರ್ಧ ತಳ್ಳುತ್ತಾ ಹೋಗಿ 17 ಹೆಜ್ಜೆಯೊಳಗೆ ಪದ ಸಿಗುತ್ತದೆ. (2ರ ಘಾತ 17 ಎಷ್ಟೆಂದು ಮಕ್ಕಳೇ ಲೆಕ್ಕ ಹಾಕಲಿ.) ಆಮೇಲೆ ಸೂಚಿಯೂ ಸೇರಿತು. ಪ್ರತಿ ಆರ್ಡರಿಗೂ ಆರಂಭದಲ್ಲೇ ಒಂದು ಸಂಖ್ಯೆ ಕೊಟ್ಟು, ಅದೇ ಸಂಖ್ಯೆ ಮತ್ತೆ ಬಂದರೆ ಸರ್ವರು ಸ್ವೀಕರಿಸದಂತೆಯೂ ಮಾಡಿಸಿದೆವು.

ಮಗನ ಪರೀಕ್ಷಾ ಶುಲ್ಕವನ್ನು ಆನ್‌ಲೈನಿನಲ್ಲಿ ಕಟ್ಟುವ ಪಾಲಕರಿಗೂ ಇದೇ ಸಂದೇಶ ಬರುವುದುಂಟು. ಮತ್ತೆ ಒತ್ತುವ ಮೊದಲು ಬ್ಯಾಂಕ್ ಖಾತೆಯನ್ನೂ ಅರ್ಜಿಯ ಸ್ಥಿತಿಯನ್ನೂ ನೋಡಿಕೊಳ್ಳಿ.

ಲೆಕ್ಕಿಗರಿಗೆ ಮಾತ್ರ ನನ್ನ ಮೇಲೆ ಸಣ್ಣ ಮುನಿಸು. ಸಂಜೆ ವರದಿ ತೆಗೆದು ಹೊರಡುವಷ್ಟರಲ್ಲಿ ಅವರ ಆರು ಗಂಟೆಯ ಬಸ್ಸು ಹೋಗಿರುತ್ತದಂತೆ.