ಗಣಕಯಂತ್ರದ ಗಡಿಯಾರ ತಪ್ಪಿದರೆ ವರ್ತಕರ ಲೆಕ್ಕವೂ ತಪ್ಪೀತು

ಸೂರ್ಯನನ್ನೇ ನಂಬುವುದಾದರೆ ಶಿವಮೊಗ್ಗದ ನಡುಮಧ್ಯಾಹ್ನವು ವರ್ಷದ ಸರಾಸರಿಯಲ್ಲಿ ಗಡಿಯಾರದ ಹನ್ನೆರಡು ಗಂಟೆಗಿಂತ ಸುಮಾರು 28 ನಿಮಿಷ ತಡವಾಗಿ ಬರುತ್ತದೆ. 1906ರಲ್ಲಿ ಜಾರಿಗೆ ಬಂದ ಭಾರತೀಯ ಪ್ರಮಾಣ ಕಾಲವು 82.5 ಡಿಗ್ರಿ ಪೂರ್ವ ರೇಖಾಂಶವನ್ನು ಆಧರಿಸಿದೆ. ನಮ್ಮ ನಗರ ಅದಕ್ಕಿಂತ ಪಶ್ಚಿಮಕ್ಕಿದೆ. ಇಡೀ ದೇಶ ಒಂದೇ ಕಾಲವನ್ನು ಒಪ್ಪಿಕೊಂಡಿರುವುದರಿಂದ ಈ ಅಂತರ ವ್ಯಾಪಾರಕ್ಕೆ ತೊಡಕಾಗಿಲ್ಲ. ಆದರೆ ಕಚೇರಿಯ ಗಣಕಯಂತ್ರ ಆ ಕಾಲವನ್ನು ಒಪ್ಪದಿದ್ದರೆ ತೊಂದರೆ ತಪ್ಪಿದ್ದಲ್ಲ.

ಪರವಾನಗಿ ಶುಲ್ಕದ ಹೊರೆಯಿಲ್ಲವೆಂದು ಲಿನಕ್ಸ್ ಅಳವಡಿಸಿಕೊಂಡ ಸದಸ್ಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಲಿನಕ್ಸ್ ತನ್ನೊಳಗೆ ಜಾಗತಿಕ ಪ್ರಮಾಣ ಕಾಲವನ್ನು ಇಟ್ಟುಕೊಂಡು, ನಾವು ಸೂಚಿಸಿದ ಕಾಲವಲಯಕ್ಕೆ ತಕ್ಕಂತೆ ಐದೂವರೆ ಗಂಟೆಯನ್ನು ಕೂಡಿಸಿ ತೋರಿಸುತ್ತದೆ. ಇಲ್ಲಿ ಎರಡು ಬಗೆಯ ದೋಷಗಳು ಸಾಮಾನ್ಯ.

ಮೊದಲನೆಯದು, ಕಾಲವಲಯವನ್ನೇ ನಿಗದಿಪಡಿಸದಿರುವುದು. ಆಗ ಯಂತ್ರ ಐದೂವರೆ ಗಂಟೆ ಹಿಂದಿರುತ್ತದೆ. ಭದ್ರಾವತಿಯ ಎರಕದ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಸರಕು ಬೆಳಗಿನ ಜಾವ ಹೊರಟರೆ, ಬಿಲ್ಲಿನಲ್ಲಿ ಹಿಂದಿನ ದಿನದ ದಿನಾಂಕ ಬೀಳುತ್ತದೆ.

ಎರಡನೆಯದು, ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವುದು. ವಿಂಡೋಸ್ ಯಂತ್ರದ ಗಡಿಯಾರದಲ್ಲಿ ಸ್ಥಳೀಯ ಕಾಲವನ್ನು ಬರೆಯುತ್ತದೆ. ಲಿನಕ್ಸ್ ಅದನ್ನೇ ಜಾಗತಿಕ ಕಾಲವೆಂದು ಭಾವಿಸಿ ಮತ್ತೆ ಐದೂವರೆ ಗಂಟೆ ಕೂಡಿಸುತ್ತದೆ. ಅಂತರಜಾಲ ಸಂಪರ್ಕವಿಲ್ಲದಿದ್ದರೆ ಈ ತಪ್ಪು ಹಾಗೆಯೇ ಉಳಿಯುತ್ತದೆ. ಸಂಜೆ ಆರೂವರೆಯಾದೊಡನೆ ಯಂತ್ರಕ್ಕೆ ಮರುದಿನ! ಅಡಿಕೆ ಲಾರಿ ತುಂಬಿಸಿ ಏಳು ಗಂಟೆಗೆ ಬಿಲ್ ತೆಗೆದರೆ ಅದಕ್ಕೆ ನಾಳೆಯ ದಿನಾಂಕ. ಮುಂದಿನ ದಿನಾಂಕದ ದಾಖಲೆಯನ್ನು ಇ-ವೇ ಬಿಲ್ ಪೋರ್ಟಲ್ ಸ್ವೀಕರಿಸುವುದಿಲ್ಲವಾದ್ದರಿಂದ ಲಾರಿ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಮಾರ್ಚ್ 31ರ ಸಂಜೆಯಾದರೆ ಬಿಲ್ ಮುಂದಿನ ಆರ್ಥಿಕ ವರ್ಷಕ್ಕೇ ಜಾರುತ್ತದೆ.

ಅನೇಕರು ಗಂಟೆಯನ್ನು ಕೈಯಿಂದ ಮುಂದೆ ಹಿಂದೆ ಮಾಡಿ ಸಮಾಧಾನಪಡುತ್ತಾರೆ. ಅದು ಪರಿಹಾರವಲ್ಲ, ಅಂತರಜಾಲದಿಂದ ಸಮಯ ಹೊಂದಿಕೆಯಾದ ಕೂಡಲೇ ತಪ್ಪು ಮರಳುತ್ತದೆ. ಸೆಟ್ಟಿಂಗ್ಸ್‌ನ ದಿನಾಂಕ ಮತ್ತು ಸಮಯ ವಿಭಾಗದಲ್ಲಿ ಕಾಲವಲಯವನ್ನು ‘ಏಷ್ಯಾ/ಕೋಲ್ಕತಾ’ ಎಂದು ಆರಿಸಬೇಕು. ಹಳೆಯ ಯಂತ್ರಗಳಲ್ಲಿ ಇದು ‘ಕ್ಯಾಲ್ಕಟ್ಟಾ’ ಎಂದಿರಬಹುದು. ಇಡೀ ಭಾರತಕ್ಕೆ ಇದೊಂದೇ ವಲಯ. ಬಳಿಕ ಸ್ವಯಂಚಾಲಿತ ಸಮಯ ಹೊಂದಿಕೆಯನ್ನು ಚಾಲನೆಗೊಳಿಸಬೇಕು. ಎರಡೂ ವ್ಯವಸ್ಥೆಗಳಿರುವ ಯಂತ್ರದಲ್ಲಿ ಗಡಿಯಾರದ ಕಾಲವನ್ನು ಎರಡೂ ಒಂದೇ ರೀತಿ ಓದುವಂತೆ ತಂತ್ರಜ್ಞರಿಂದ ಮಾಡಿಸಿಕೊಳ್ಳುವುದು ಲೇಸು.

ಗಡಿಯಾರ ಸರಿಪಡಿಸಿದ ಮಾತ್ರಕ್ಕೆ ಈಗಾಗಲೇ ಮುದ್ರಿತವಾದ ಬಿಲ್ಲುಗಳು ಸರಿಹೋಗುವುದಿಲ್ಲ. ಕಂಪನಿಗಳ ಲೆಕ್ಕದ ತಂತ್ರಾಂಶವು ಪ್ರತಿ ತಿದ್ದುಪಡಿಯನ್ನೂ ದಿನಾಂಕಸಹಿತ ದಾಖಲಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ತಪ್ಪು ಗಡಿಯಾರದಲ್ಲಿ ಆ ದಾಖಲೆಯೂ ತಪ್ಪೇ. ಆದುದರಿಂದ ತಿಂಗಳ ಕೊನೆಯ ಬಿಲ್ಲುಗಳನ್ನು ಲೆಕ್ಕಪರಿಶೋಧಕರೊಡನೆ ಒಮ್ಮೆ ತಾಳೆ ನೋಡುವುದು ಒಳಿತು. ಪ್ರತಿದಿನ ಅಂಗಡಿ ತೆರೆದಾಗ ತಕ್ಕಡಿ ನೋಡುವಂತೆ ಗಣಕಯಂತ್ರದ ಗಡಿಯಾರವನ್ನೂ ನೋಡುವ ಅಭ್ಯಾಸವನ್ನು ಸದಸ್ಯರು ಬೆಳೆಸಿಕೊಳ್ಳಬೇಕು.