ಹಳೆ ಮನೆ, ಗೆದ್ದಲು ಮತ್ತು ಸೂರಿನ ನೀರು

ಶಿವಮೊಗ್ಗ, ಭದ್ರಾವತಿಗಳಲ್ಲಿ ನೌಕರಿ ಹಿಡಿದು, ಹತ್ತಿರದ ಹಳ್ಳಿಯಲ್ಲಿರುವ ಅಜ್ಜನ ಕಾಲದ ಹೆಂಚಿನ ಮನೆಗೆ ಬೀಗ ಹಾಕಿಟ್ಟ ಕುಟುಂಬಗಳು ಬಹಳ. ಆ ಮನೆಯನ್ನು ಮತ್ತೆ ವಾಸಕ್ಕೆ ತಕ್ಕಂತೆ ಮಾಡಿಕೊಳ್ಳೋಣವೆಂಬ ಆಸೆ ಒಂದಲ್ಲ ಒಂದು ದಿನ ಹುಟ್ಟುತ್ತದೆ. ಕೈಯಲ್ಲಿ ದೊಡ್ಡ ಗಂಟಿಲ್ಲ. ಅಡಿಕೆಗೆ ಒಳ್ಳೆ ಧಾರಣೆ ಸಿಕ್ಕ ವರ್ಷ ಮಾಡು, ಮುಂದಿನ ವರ್ಷ ಗೋಡೆ, ಅದರ ಮುಂದಿನ ವರ್ಷ ನೆಲ ಎಂದು ಕಂತಿನಲ್ಲಿ ಕೆಲಸ ನಡೆಯಬೇಕು. ಬೀಗ ತೆಗೆದೊಡನೆ ಕಾಣುವುದು ಪಡಸಾಲೆಯ ಕಂಬಕ್ಕೆ ಹತ್ತಿದ ಗೆದ್ದಲು, ತೊಲೆಯವರೆಗೂ ಏರಿದ ಮಣ್ಣಿನ ಗೆರೆ. ಹೀಗಾಗಿ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ: ಗೆದ್ದಲಿಗೆ ಯಾವ ಔಷಧಿ ಹೊಡೆಸಬೇಕು? ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ ಎಂದು ನನ್ನ ಖಚಿತ ಅಭಿಪ್ರಾಯ. ಈ ಮನೆಯೊಳಗೆ ನೀರು ಎಲ್ಲಿಂದ ಬರುತ್ತಿದೆ? ಸಣ್ಣ ಬಜೆಟ್ಟಿನ ಮೊದಲ ರೂಪಾಯಿ ಆ ನೀರನ್ನು ತಡೆಯಲು ಖರ್ಚಾಗಬೇಕು. ಯಾಕೆಂದು ತಿಳಿಯಲು ಗೆದ್ದಲೆಂಬ ಜೀವಿಯ ಮೈಕಟ್ಟನ್ನೇ ನೋಡಬೇಕು.

ಗೆದ್ದಲನ್ನು ಬಿಳಿ ಇರುವೆ ಎನ್ನುವವರಿದ್ದಾರೆ. ಇರುವೆಗೂ ಅದಕ್ಕೂ ಹತ್ತಿರದ ನಂಟಿಲ್ಲ. ಅದು ಜಿರಲೆಯ ವಂಶದ್ದು. 2007ರಲ್ಲಿ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಸಂಶೋಧಕರು ಡಿಎನ್‌ಎ ಹೋಲಿಸಿ, ಗೆದ್ದಲುಗಳೆಂದರೆ ಗುಂಪಾಗಿ ಬಾಳಲು ಕಲಿತ ಜಿರಲೆಗಳೇ, ಅವಕ್ಕೆ ಬೇರೊಂದು ಗಣದ ಪಟ್ಟ ಬೇಕಿಲ್ಲ ಎಂದು ತೋರಿಸಿದರು. ಜಿರಲೆಗಿರುವ ಗಟ್ಟಿ, ಜಿಡ್ಡಿನ ಕವಚ ಮಾತ್ರ ಕೆಲಸಗಾರ ಗೆದ್ದಲಿಗಿಲ್ಲ. ಅದರ ಚರ್ಮ ತೆಳು, ಮೈ ಮೆದು. ಒಣ ಗಾಳಿಗೂ ಬಿಸಿಲಿಗೂ ಬಿದ್ದರೆ ಮೈಯ ನೀರು ಆರಿ ಬಹುಬೇಗ ಸಾಯುತ್ತದೆ. ಹೀಗಾಗಿ ನೆಲದೊಳಗೆ ಬಾಳುವ ಗೆದ್ದಲು ಬಯಲಿನಲ್ಲಿ ನಡೆಯುವುದಿಲ್ಲ. ಹೋದಲ್ಲೆಲ್ಲ ತನ್ನ ಸುತ್ತ ಒದ್ದೆ ಮಣ್ಣಿನ ಸುರಂಗ ಕಟ್ಟಿಕೊಂಡೇ ಹೋಗುತ್ತದೆ. ಗೋಡೆಯ ಮೇಲೆ ನಾವು ಕಾಣುವ ಗೆರೆ ಅದೇ. ಒಳಗಿನ ಗಾಳಿಯನ್ನು ಸದಾ ತೇವವಾಗಿಡುವ ಓಣಿ ಅದು, ನೆಲದಾಳದ ಗೂಡಿನಿಂದ ಮರದವರೆಗೆ ಎಲ್ಲೂ ಕಡಿಯದೆ ಸಾಗಬೇಕು. ಗೂಡಿನೊಡನೆ, ಅಲ್ಲಿನ ತೇವದೊಡನೆ ಸಂಪರ್ಕ ತಪ್ಪಿದರೆ ಮೇಲೆ ಉಳಿದ ಹುಳಗಳಿಗೆ ಬದುಕಿಲ್ಲ.

ಈ ಮಣ್ಣುಗೆಲಸದ ವಿಷಯಕ್ಕೆ ಬಂದರೆ ಬೇಗ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಮ್ಮ ಹೊಲದ ಬದುಗಳಲ್ಲಿ, ತೋಟದಂಚಿನಲ್ಲಿ ಆಳೆತ್ತರದ ಹುತ್ತ ಕಟ್ಟುವ ಗೆದ್ದಲಿನ ಹೆಸರು ಒಡಾಂಟೋಟರ್ಮಿಸ್ ಒಬೀಸಸ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಿ ರೆನೆ ಬೋರ್ಜಸ್, ಸಿವಿಲ್ ಎಂಜಿನಿಯರ್ ತೇಜಸ್ ಮೂರ್ತಿ, ಸಂಶೋಧಕಿ ನಿಕಿತಾ ಝಕರಾಯ ಮತ್ತು ಸಂಗಡಿಗರು ಈ ಹುಳದ ಕಟ್ಟಡ ಸಾಮಗ್ರಿಯನ್ನು ನಾವು ಇಟ್ಟಿಗೆಯನ್ನು ಪರೀಕ್ಷಿಸುವಷ್ಟೇ ಗಂಭೀರವಾಗಿ ಪರೀಕ್ಷಿಸಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಗೆದ್ದಲು ಮಣ್ಣನ್ನು ಬಾಯಲ್ಲಿ ತೆಗೆದುಕೊಂಡು, ತನ್ನ ಸ್ರಾವ ಬೆರೆಸಿ, ಪುಟ್ಟ ಉಂಡೆ ಮಾಡಿ, ಹೊತ್ತು ತಂದು, ಸಾಲಿನಲ್ಲಿ ಒತ್ತಿ ಕೂರಿಸುತ್ತದೆ. ಅಳತೆ ತೆಗೆದಾಗ ಉಂಡೆಗಳಲ್ಲಿ ಎರಡು ಗಾತ್ರ ಕಂಡವು. ಕೆಲಸಗಾರ ಗೆದ್ದಲುಗಳಲ್ಲೇ ದೊಡ್ಡವು, ಚಿಕ್ಕವು ಎಂಬ ಎರಡು ಬಗೆಯಿವೆ. ದೊಡ್ಡವು ದೊಡ್ಡ ಉಂಡೆ, ಚಿಕ್ಕವು ಚಿಕ್ಕ ಉಂಡೆ ಮಾಡುತ್ತವೆ. ದೊಡ್ಡ ಉಂಡೆಗಳ ನಡುವೆ ಉಳಿಯುವ ಸಂದಿಯಲ್ಲಿ ಚಿಕ್ಕವು ಕೂತು ಗೋಡೆ ಬಿಗಿಯಾಗುತ್ತದೆ. ಕಾಂಕ್ರೀಟಿಗೆ ಜಲ್ಲಿಯ ಜೊತೆ ಮರಳು ಹಾಕುವುದರ ಹಿಂದಿನ ತತ್ವವೂ ಇದೇ. ಯಾವ ಮೇಸ್ತ್ರಿಯೂ ನಿಂತು ಅಳತೆ ಹೇಳದೆ, ನಕ್ಷೆಯಿಲ್ಲದೆ, ಕುರುಡು ಕೆಲಸಗಾರರ ಮೈಯಳತೆಯಿಂದಲೇ ಹದವಾದ ಮಿಶ್ರಣ ಸಿದ್ಧವಾಗುತ್ತದೆ! ಇದೇ ಸಂಸ್ಥೆಯಲ್ಲಿ ನಡೆದ ಪರೀಕ್ಷೆಗಳಲ್ಲಿ ಹುತ್ತದ ಮಣ್ಣಿನ ಗಟ್ಟಿತನ ಸುತ್ತಲಿನ ಸಾಮಾನ್ಯ ಮಣ್ಣಿನ ಸುಮಾರು ಹತ್ತು ಪಟ್ಟು ಎಂದು ಕಂಡಿದೆ. ನಮ್ಮ ವಾದಕ್ಕೆ ಮುಖ್ಯವಾದ ಸಂಗತಿಯೂ ಈ ಅಧ್ಯಯನದಲ್ಲೇ ಇದೆ. ಸಂಶೋಧಕರು ಹುಳಗಳ ಮುಂದೆ ಹಲವು ಬಗೆಯ ವಸ್ತುಗಳನ್ನಿಟ್ಟು ನೋಡಿದರು. ವಸ್ತು ಯಾವುದಿರಲಿ, ಅದರಲ್ಲಿ ಹದವಾದ ತೇವವಿದ್ದರೆ ಮಾತ್ರ ಉಂಡೆಗೆಲಸ ಸಲೀಸು. ಲೋಕದಲ್ಲಿ ಯಾವೆಲ್ಲ ಪ್ರದೇಶಗಳಲ್ಲಿ ಗೆದ್ದಲು ನೆಲೆಸಬಲ್ಲದು ಎನ್ನುವುದನ್ನು ನಿರ್ಧರಿಸುವ ಅಂಶಗಳಲ್ಲಿ ತೇವವೂ ಮುಖ್ಯವೆಂದು ಅವರು ಸೂಚಿಸಿದ್ದಾರೆ. ನೀರು ಆ ಹುಳಕ್ಕೆ ಬರೀ ಕುಡಿಯುವ ಪದಾರ್ಥವಾಗಿ ಉಳಿದಿಲ್ಲ, ಅದರ ಗಾರೆಯೂ ಆಗಿದೆ.

ಇಷ್ಟು ಬಲ್ಲ ಕುಶಲಕರ್ಮಿಯ ಕೆಲಸದ ಹೆಗ್ಗಳಿಕೆಯನ್ನು ನಾವು ಹಾವಿಗೆ ಕೊಟ್ಟುಬಿಟ್ಟಿದ್ದೇವೆ. ಕೈಕಾಲಿಲ್ಲದ ನಾಗರಹಾವು ಮಣ್ಣು ಹೊರಲಾರದು, ಗೋಡೆ ಕಟ್ಟಲಾರದು. ಇಲಿ, ಕಪ್ಪೆ ಹುಡುಕುತ್ತಲೋ ತಂಪಿಗೋ ಪಾಳುಬಿದ್ದ ಹುತ್ತದೊಳಗೆ ಸೇರಿಕೊಳ್ಳುತ್ತದೆ, ಅಷ್ಟೆ. ನಾಗರಪಂಚಮಿಗೆ ಎರೆಯುವ ಹಾಲು ಹಾವಿನ ಆಹಾರವೂ ಅಲ್ಲ, ಗೆದ್ದಲಿಗೆ ಉಪಕಾರವೂ ಅಲ್ಲ. ಹಬ್ಬದ ಭಕ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಬೀಗ ಹಾಕಿದ ಮನೆಯ ಕೋಣೆಯ ಮೂಲೆಯಲ್ಲಿ ಹುತ್ತ ಎದ್ದರೆ ದೈವ ನೆಲೆಸಿದೆ, ಇನ್ನು ಅದನ್ನು ಮುಟ್ಟಬಾರದು, ಆ ಮನೆಯಲ್ಲಿ ವಾಸ ಕೂಡದು ಎಂದು ಹೆದರಿಸುವ ಮಾತನ್ನು ಖಂಡಿಸಲೇಬೇಕು. ಆ ಹೆದರಿಕೆಗೆ ಗಟ್ಟಿಮುಟ್ಟಾದ ಮನೆಗಳು ಹಾಳು ಸುರಿಯುತ್ತಿವೆ. ಮೂಲೆಯಲ್ಲೆದ್ದ ಹುತ್ತ ಹೇಳುವುದು ಒಂದೇ ವಿಷಯ: ಈ ಜಾಗದ ನೆಲದಲ್ಲಿ ವರ್ಷವಿಡೀ ತೇವವಿದೆ, ಇಲ್ಲಿ ಯಾರೂ ಪೊರಕೆ ಆಡಿಸಿಲ್ಲ. ಅದರ ನೇರ ಮೇಲೆ ಒಡೆದ ಹೆಂಚೊಂದು, ಇಲ್ಲವೇ ಗೋಡೆಯಾಚೆ ಬಚ್ಚಲಿನ ನೀರು ನಿಲ್ಲುವ ಗುಂಡಿ ಇದೆಯೇ ಎಂದು ನೋಡುವುದು ಶಾಂತಿ ಮಾಡಿಸುವುದಕ್ಕಿಂತ ಉಪಯೋಗದ ಕೆಲಸ. ತೋಟದಲ್ಲಿರುವ ಹುತ್ತವನ್ನು ಮಾತ್ರ ಉಳಿಸಿಕೊಳ್ಳಿ. ಅದರೊಳಗೆ ಗೆದ್ದಲು ಟರ್ಮಿಟೋಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸುತ್ತದೆ. ಮಳೆಗಾಲದಲ್ಲಿ ಮಲೆನಾಡಿನವರು ಆಸೆಪಟ್ಟು ತಿನ್ನುವ ಹುತ್ತದ ಅಣಬೆ ಆ ಬೇಸಾಯದ ಫಲ. ಲೋಕದಲ್ಲಿರುವ ಸುಮಾರು 3000 ಜಾತಿಯ ಗೆದ್ದಲುಗಳಲ್ಲಿ ಮನೆಗೆ ಕಾಟ ಕೊಡುವವು ಬಹಳ ಕಡಿಮೆ. ಉಳಿದವು ಒಣಗಿದ ಎಲೆ, ಕಡ್ಡಿಗಳನ್ನು ಮಣ್ಣಿಗೆ ಸೇರಿಸುವ ಕೆಲಸದಲ್ಲಿವೆ.

ಇನ್ನು ದುರಸ್ತಿಯ ಲೆಕ್ಕಕ್ಕೆ ಬರೋಣ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಶಿವಮೊಗ್ಗ, ಭದ್ರಾವತಿಯ ಸುತ್ತ ಅದರ ಸಣ್ಣ ಪಾಲಷ್ಟೇ ಬೀಳುವುದಾದರೂ ಒಡೆದ ಹೆಂಚಿನ ಕೆಳಗಿನ ರೀಪು, ಪಕಾಸಿಗೆ ಅಷ್ಟೇ ಸಾಕು. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವುದು ಹಿಂದೆ ಪ್ರತಿ ವರ್ಷದ ಕೆಲಸವಾಗಿತ್ತು. ಮನೆಗೆ ಬೀಗ ಬಿದ್ದಂದಿನಿಂದ ಅದು ನಿಂತಿತು, ಮರಕ್ಕೆ ಕೇಡು ಶುರುವಾಯಿತು. ಹೀಗಾಗಿ ಮೊದಲ ವರ್ಷದ ಹಣ ಹೆಂಚಿಗೆ ಹೋಗಲಿ. ಮರ ಬದಲಿಸುವ ಯೋಚನೆಯೇ ಸದ್ಯಕ್ಕೆ ಬೇಡ. ಒಡೆದ, ಸರಿದ ಹೆಂಚುಗಳನ್ನು ಸರಿಮಾಡಿಸಿದರೆ ಸಾಕು. ಆಮೇಲೆ ಸೂರಿನ ನೀರು. ಸೂರಿನಿಂದ ಬಿದ್ದ ನೀರು ಅಂಗಳದ ಕಡೆ ಹರಿದು ಹೋಗುತ್ತದೆಯೋ, ಗೋಡೆಯ ಬುಡಕ್ಕೆ ಇಂಗುತ್ತದೆಯೋ? ವರ್ಷಾನುವರ್ಷ ಮಣ್ಣು, ಕಸ ತುಂಬಿಕೊಂಡು ಅಂಗಳದ ಮಟ್ಟವೇ ಮನೆಯ ನೆಲದ ಮಟ್ಟಕ್ಕೆ ಏರಿರುವುದು ಹಳೆ ಮನೆಗಳಲ್ಲಿ ಸಾಮಾನ್ಯ. ಗೋಡೆಯ ಸುತ್ತ ಆ ಮಣ್ಣನ್ನು ತೆಗೆದು, ತಳಪಾಯದ ಜಂಬಿಟ್ಟಿಗೆ ಕಾಣುವಂತೆ ಮಾಡಿ, ಹೊರಕ್ಕೆ ಇಳಿಜಾರಾದ ಚರಂಡಿ ತೋಡಲು ಬೇಕಾಗುವುದು ಗುದ್ದಲಿ ಮತ್ತು ಕೆಲವು ಆಳಿನ ಕೂಲಿ. ಗೋಡೆಗೆ ಒರಗಿಸಿಟ್ಟ ಸೌದೆ, ಅಡಿಕೆ ದಬ್ಬೆ, ಹಳೆ ಕಾಗದದ ಕಟ್ಟುಗಳನ್ನು ದೂರ ಸರಿಸಲು ಅದೂ ಬೇಡ. ಇಷ್ಟಾದ ಮೇಲೆ ಮನೆಯನ್ನು ಒಂದು ಮಳೆಗಾಲ ಹಾಗೆಯೇ ಬಿಟ್ಟು ನೋಡಬೇಕು. ಎಲ್ಲಿ ಗೋಡೆ ಒಣಗಿತು, ಎಲ್ಲಿ ಇನ್ನೂ ಒದ್ದೆಯಾಗಿದೆ, ಕೆಡವಿದ ಮಣ್ಣಿನ ಓಣಿ ಎಲ್ಲಿ ಮತ್ತೆ ಎದ್ದಿತು ಎನ್ನುವುದೆಲ್ಲ ಆಗ ತಾನಾಗಿ ಗೊತ್ತಾಗುತ್ತದೆ. ಕಂತಿನಲ್ಲಿ ಕೆಲಸ ಮಾಡುವವರಿಗೆ ಇದೊಂದು ಅನುಕೂಲ. ಒಮ್ಮೆಲೇ ಲಕ್ಷಗಟ್ಟಲೆ ಸುರಿಯುವವರಿಗೆ ಹೀಗೆ ಕಾದು ನೋಡುವ ವ್ಯವಧಾನವಿರುವುದಿಲ್ಲ.

ಇಲ್ಲೊಂದು ಆಕ್ಷೇಪ ಬರುತ್ತದೆ: ಒಣ ಬಯಲುಸೀಮೆಯಲ್ಲೂ ಹುತ್ತಗಳಿವೆಯಲ್ಲ, ಮನೆ ಒಣಗಿದ ಮಾತ್ರಕ್ಕೆ ಗೆದ್ದಲು ಬಿಟ್ಟುಹೋಗುತ್ತದೆಯೇ? ನ್ಯಾಯವಾದ ಪ್ರಶ್ನೆ. ಗೆದ್ದಲು ನೆಲದಾಳದಿಂದ ತೇವವನ್ನು ಹೊತ್ತು ತರಬಲ್ಲದು, ಆದ್ದರಿಂದ ಒಣಗಿಸುವುದೊಂದೇ ಸಾಲದು. ಕಣ್ಗಾವಲೂ ಬೇಕು. ಮಲೆನಾಡಿನ ಹಳೆ ಬಡಗಿಗಳು ಮರದ ಕಂಬವನ್ನು ನೆಲಕ್ಕೆ ಹೂಳದೆ ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದುದರ ಬೆಲೆ ಗೊತ್ತಾಗುವುದು ಇಲ್ಲಿ. ಕಲ್ಲು ಗೆದ್ದಲನ್ನು ತಡೆಯುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಖಂಡಿತ ತಡೆಯುವುದಿಲ್ಲ, ಅದು ಕಲ್ಲಿನ ಮೇಲೂ ಓಣಿ ಕಟ್ಟಿ ಏರುತ್ತದೆ. ಆದರೆ ಹೂಳಿದ ಕಂಬಕ್ಕೆ ಒಳಗಿಂದೊಳಗೇ ಹತ್ತುವ ಹುಳ ಕಲ್ಲಿದ್ದಲ್ಲಿ ಹೊರಗೆ ಬಂದು ಎಲ್ಲರ ಕಣ್ಣಿಗೆ ಬೀಳುವಂತೆ ಕಟ್ಟಬೇಕಾಗುತ್ತದೆ. ದಿನವೂ ಗುಡಿಸುವ ಮನೆಯಲ್ಲಿ ಆ ಓಣಿ ಸಂಜೆಯೊಳಗೆ ಮುರಿದಿರುತ್ತದೆ. ಬುಡ ಕೊಳೆತ ಕಂಬವನ್ನು ಪೂರ್ತಿ ಬದಲಿಸುವ ಬದಲು ಕೊಳೆತಷ್ಟನ್ನು ಕೊಯ್ದು, ಕೆಳಗೆ ಕಲ್ಲು ಕೊಟ್ಟು ಎತ್ತರ ಸರಿಮಾಡುವುದು ಅಗ್ಗವೂ ಹೌದು, ಗೆದ್ದಲಿನ ಲೆಕ್ಕದಲ್ಲಿ ಹೆಚ್ಚು ಕ್ಷೇಮವೂ ಹೌದು. ಕೊಯ್ಯುವಾಗ ಮೇಲಿನ ತೊಲೆಗೆ ತಾತ್ಕಾಲಿಕ ಆಸರೆ ಕೊಡಲು ಬಲ್ಲ ಬಡಗಿಯೇ ಆಗಬೇಕು.

ಎರಡನೆಯ ಆಕ್ಷೇಪ ಸಿಮೆಂಟಿನದು. ಭದ್ರಾವತಿಯ ಸುತ್ತಲಿನವರಿಗೆ ಸಿಮೆಂಟು ಪರಕೀಯವಲ್ಲ. 1923ರಲ್ಲಿ ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್ ಎಂಬ ಹೆಸರಿನಲ್ಲಿ ಸೌದೆಯ ಇದ್ದಿಲಿನಿಂದ ಕಬ್ಬಿಣ ಕರಗಿಸತೊಡಗಿದ ಕಾರ್ಖಾನೆಯಲ್ಲೇ ಮುಂದೆ ಸಿಮೆಂಟೂ ತಯಾರಾಯಿತು. ಮಣ್ಣಿನ ಗೋಡೆಗೆ ಸಿಮೆಂಟು ಗಿಲಾಯಿ ಮಾಡಿಸಿಬಿಟ್ಟರೆ ಗೆದ್ದಲಿನ ಕತೆ ಮುಗಿಯಿತು ಎಂಬ ನಂಬಿಕೆ ಈ ಕಡೆ ಆಳವಾಗಿದೆ, ದುರಸ್ತಿಯ ಹಣದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಅದು ತಪ್ಪು ತಿಳಿವಳಿಕೆ. ಮಣ್ಣಿನ ಗೋಡೆ ನೆಲದಿಂದ ಹೀರಿದ ತೇವವನ್ನು ಮೈಯಿಂದ ಆರಿಸಿಕೊಳ್ಳುತ್ತಿರುತ್ತದೆ. ಸುಣ್ಣದ ಗಾರೆ, ಕೆಮ್ಮಣ್ಣಿನ ಸಾರಣೆ ಅದಕ್ಕೆ ಅಡ್ಡಿ ಮಾಡುವುದಿಲ್ಲ. ಸಿಮೆಂಟಿನ ಬಿಗಿ ಪದರ ಆ ದಾರಿಯನ್ನು ಮುಚ್ಚುತ್ತದೆ, ತೇವ ಒಳಗೇ ನಿಂತು ಇನ್ನೂ ಮೇಲಕ್ಕೆ ಏರುತ್ತದೆ. ಮಣ್ಣು ಹಿಗ್ಗಿ ಕುಗ್ಗುವ ರೀತಿ ಬೇರೆ, ಸಿಮೆಂಟಿನದು ಬೇರೆ. ಕೆಲವು ಮಳೆಗಾಲ ಕಳೆಯುವುದರೊಳಗೆ ಎರಡರ ನಡುವೆ ಟೊಳ್ಳಾಗಿ, ಗಿಲಾಯಿ ಬಿರಿಯುತ್ತದೆ. ಗೆದ್ದಲಿಗೆ ಒಂದೂವರೆ ಮಿಲಿಮೀಟರಿನ ಬಿರುಕು ಸಾಕು. ಆ ಟೊಳ್ಳಿನಲ್ಲಿ ಕತ್ತಲೆ, ತೇವ, ಮರೆ ಮೂರೂ ಸಿಗುವುದರಿಂದ ಓಣಿ ಕಟ್ಟುವ ಶ್ರಮವೂ ಉಳಿಯಿತು, ಹುಳ ತೊಲೆ ಮುಟ್ಟುವವರೆಗೆ ಮನೆಯವರಿಗೆ ಸುಳಿವೂ ಇಲ್ಲ. ಕಿತ್ತುಹೋದ ಗೋಡೆಗೆ ಜೇಡಿ ಬೆರೆತ ಮಣ್ಣನ್ನೇ ಕಲಸಿ ಮೆತ್ತಿ, ಮೇಲೆ ಸುಣ್ಣ ಬಳಿಯುವುದು ಖರ್ಚಿನಲ್ಲಿ ಕಡಿಮೆ, ಗುಣದಲ್ಲಿ ಮೇಲು.

ಔಷಧಿಯ ಪರ ಹೇಳುವವರಲ್ಲೂ ಹುರುಳಿದೆ. ಕಟ್ಟಿದ ಮನೆಗೆ ಗೆದ್ದಲು ತಡೆ ಹೇಗೆ ಮಾಡಬೇಕೆಂದು ಭಾರತೀಯ ಮಾನಕ ಸಂಸ್ಥೆಯ ಐಎಸ್ 6313ರ ಮೂರನೆಯ ಭಾಗ ವಿವರಿಸುತ್ತದೆ. ನೆಲ, ಗೋಡೆ ಸೇರುವಲ್ಲಿ ಸುಮಾರು ಅಡಿಗೊಂದರಂತೆ ರಂಧ್ರ ಕೊರೆದು ಮಣ್ಣಿಗೆ ವಿಷ ಇಳಿಸುವ ಕ್ರಮ ಅದು. ನಿಯಮದಂತೆ ಮಾಡಿದರೆ ಫಲವಿದೆ. ಆದರೆ ಹರಿಯುವ ನೀರು ವಿಷವನ್ನೂ ತೊಳೆದೊಯ್ಯುತ್ತದೆ, ಮಣ್ಣಿನಲ್ಲಿ ಅದು ವರ್ಷಗಳು ಉರುಳಿದಂತೆ ಒಡೆದು ಹೋಗುತ್ತದೆ. ಚರಂಡಿ ಸರಿಮಾಡದೆ ವಿಷ ಹಾಕಿಸಿದವರು ಮತ್ತೆ ಮತ್ತೆ ಹಾಕಿಸಬೇಕಾಗುತ್ತದೆ. ಹಿತ್ತಿಲಿನಲ್ಲಿ ಕುಡಿಯುವ ನೀರಿನ ಬಾವಿಯಿರುವ ಮನೆಯಲ್ಲಿ ಇದು ಹುಡುಗಾಟದ ಮಾತಲ್ಲ. ಹಿಂದೆ ಧಾರಾಳವಾಗಿ ಸುರಿಯುತ್ತಿದ್ದ ಆಲ್ಡ್ರಿನ್, ಕ್ಲೋರ್ಡೇನ್‌ಗಳನ್ನು ನಿಷೇಧಿಸಿದ್ದು ಅವು ಮಣ್ಣಲ್ಲೂ ಮೈಯಲ್ಲೂ ಉಳಿದುಕೊಳ್ಳುತ್ತಿದ್ದವು ಎಂಬ ಕಾರಣಕ್ಕೇ. ಒಣಗಿಸಿದ ಮೇಲೂ ಓಣಿ ಏಳುತ್ತಿರುವ ಜಾಗಕ್ಕಷ್ಟೇ, ತಿಳಿದವರ ಕೈಯಿಂದ ಔಷಧಿ ಹಾಕಿಸುವುದು ಸರಿ. ಗ್ಯಾರೇಜಿನ ಸುಟ್ಟ ಆಯಿಲನ್ನು ಗೋಡೆ ಬುಡಕ್ಕೆ ಸುರಿಯುವ ಅಭ್ಯಾಸವನ್ನಂತೂ ಬಿಟ್ಟೇಬಿಡಬೇಕು.

ನೀರಿನ ನಿಯಮಕ್ಕೆ ಹೊರತಾದ ಹುಳಗಳೂ ಇವೆ. ಒಣಮರದ ಗೆದ್ದಲಿಗೆ ನೆಲದ ನಂಟೇ ಬೇಡ, ಮರದಲ್ಲಿರುವ ಅಲ್ಪ ತೇವದಲ್ಲೇ ಅದರ ಜೀವನ. ಮಣ್ಣಿನ ಓಣಿಯ ಬದಲು ಕಿಟಕಿಯ ಕೆಳಗೆ ಗಸಗಸೆಯಂಥ ಹಿಕ್ಕೆ ಉದುರಿದ್ದರೆ ಅದೇ ಎಂದು ಗುರುತಿಸಬಹುದು. ನುಣ್ಣನೆ ಹುಡಿ ಉದುರಿ ದುಂಡು ತೂತು ಕಂಡರೆ ಕುಟ್ಟೆ ಹುಳ. ಇವೆರಡಕ್ಕೂ ನೆಲಕ್ಕೆ ಹಾಕಿದ ವಿಷ ತಟ್ಟುವುದಿಲ್ಲ, ಮದ್ದು ಮರಕ್ಕೇ ಹೋಗಬೇಕು. ಯಾವ ಹುಳವೆಂದು ನೋಡದೆ ಹಣ ಕೊಟ್ಟವರಿಗೆ ಅರ್ಧ ಪರಿಹಾರವೂ ಸಿಗುವುದಿಲ್ಲ. ಮರ ಬದಲಿಸುವ ಸರದಿ ಕಡೆಗೆ ಬಂದಾಗ, ಕೆಡವಿದ ಮನೆಗಳ ಹಳೆ ಮರವನ್ನೇ ಕೊಳ್ಳುವುದು ಬಜೆಟ್ಟಿಗೆ ಒಗ್ಗುತ್ತದೆ. ಆಗ ನೋಡಬೇಕಾದದ್ದು ಚೇಗು. ತೇಗದ ಒಳಗಿನ ಕಂದು ಭಾಗದಲ್ಲಿ ಟೆಕ್ಟೋಕ್ವಿನೋನ್ ಎಂಬ, ಗೆದ್ದಲಿಗೆ ಆಗದ ರಾಸಾಯನಿಕವಿದೆ. ಹೊರಗಿನ ಬಿಳಿ ಭಾಗಕ್ಕೆ ಆ ರಕ್ಷಣೆಯಿಲ್ಲ. ತೇಗವೆಂಬ ಹೆಸರಿಗೆ ಬೆಲೆ ಕೊಟ್ಟು ಬಿಳಿ ಭಾಗ ಉಳಿದ ತುಂಡು ತಂದರೆ ಹುಳ ಆ ಭಾಗವನ್ನು ಖಾಲಿ ಮಾಡುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದಲ್ಲಿ ಮೊನೆಯಿಂದ ಒತ್ತಿ ನೋಡಿ, ಸಲೀಸಾಗಿ ಇಳಿದರೆ ಆ ತುಂಡನ್ನು ಬಿಟ್ಟುಬಿಡಿ.