ಶೌರ್ಯ ತೋರಿಸುವುದು, ಧೈರ್ಯ ಹೇಳುವುದು
(ಪವಿತ್ರಾತ್ಮರ ಆಗಮನದ ಮಹೋತ್ಸವದ ಚಿಂತನೆ)



ಪಂಚಾಶತ್ತಮ ಹಬ್ಬದಂದು ನಾವು ಪವಿತ್ರಾತ್ಮರ ಏಳು ವರದಾನಗಳನ್ನು ಸ್ಮರಿಸುತ್ತೇವೆ. ಆ ಏಳರಲ್ಲಿ ಧೈರ್ಯವೂ ಒಂದು. ಇದನ್ನೇ ಆತ್ಮಸ್ಥೈರ್ಯ ಎಂದೂ ಕರೆಯುತ್ತೇವೆ. ಧರ್ಮೋಪದೇಶ ತರಗತಿಯಲ್ಲಿ ಮಕ್ಕಳು ಈ ಪದವನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ. ಆದರೆ ಧೈರ್ಯವೆಂದರೆ ನಿಜವಾಗಿ ಏನು? ಇದಕ್ಕೆ ನಮ್ಮ ಕನ್ನಡ ಭಾಷೆಯೇ ಒಳ್ಳೆಯ ಉತ್ತರ ಇಟ್ಟುಕೊಂಡಿದೆ.

ಕನ್ನಡದಲ್ಲಿ ಇದಕ್ಕೆ ಹತ್ತಾರು ಪದಗಳಿವೆ: ಶೌರ್ಯ, ಪರಾಕ್ರಮ, ಸಾಹಸ, ಕಲಿತನ, ದಿಟ್ಟತನ, ಎದೆಗಾರಿಕೆ, ಕೆಚ್ಚು, ಧೈರ್ಯ. ಎಲ್ಲವೂ ಒಂದೇ ಅಲ್ಲ. ಸಾಹಸ ಎಂಬುದನ್ನು ನಾವು ಇಂದು ಮೆಚ್ಚುಗೆಯ ಮಾತಾಗಿ ಬಳಸುತ್ತೇವೆ. ಆದರೆ ಹಿಂದಿನ ಸಂಸ್ಕೃತ ಧರ್ಮಶಾಸ್ತ್ರಗಳಲ್ಲಿ ಅದು ಬಲಾತ್ಕಾರದಿಂದ ಮಾಡಿದ ಅಪರಾಧದ ಹೆಸರು! ಎದೆಗಾರಿಕೆ ಎಂಬುದು ಎದೆಯಿಂದ ಬಂದದ್ದು. ಇಂಗ್ಲಿಷಿನ ‘ಕರೇಜ್’ ಎಂಬ ಪದದ ಮೂಲವೂ ಹೃದಯ ಎಂಬರ್ಥದ ಲತೀನ್ ಪದವಾದ ‘ಕೋರ್’. ಇನ್ನು ಕೆಚ್ಚು ಎಂದರೆ ಮರದ ತಿರುಳು. ಬಡಗಿಗಳಿಗೆ ಇದು ಚೆನ್ನಾಗಿ ಗೊತ್ತು. ಹೊರಗಿನ ಎಳೆಯ ಬಿಳಿ ಭಾಗಕ್ಕೆ ಗೆದ್ದಲು ಬೇಗ ಹತ್ತುತ್ತದೆ. ಒಳಗಿನ ಕೆಚ್ಚಿಗೆ ಸುಲಭವಾಗಿ ಹತ್ತುವುದಿಲ್ಲ. ಅದು ಒಂದೇ ಮಳೆಗಾಲದಲ್ಲಿ ಬೆಳೆಯುವಂಥದ್ದಲ್ಲ. ವರ್ಷ ವರ್ಷ ಬಿಸಿಲು ಮಳೆ ಕಂಡ ಮರದೊಳಗೆ, ಯಾರ ಕಣ್ಣಿಗೂ ಬೀಳದಂತೆ ಕೂಡಿಕೊಳ್ಳುತ್ತದೆ.

ನಮ್ಮ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಕಲ್ಲುಗಳೂ ಇದೇ ಪಾಠ ಹೇಳುತ್ತವೆ. 1947ರವರೆಗೂ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ಇಲ್ಲಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ 6ನೇ ಸಂಪುಟದಲ್ಲಿ 1901ರಲ್ಲಿ ಪ್ರಕಟಿಸಿದರು. ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋಗುವಾಗ ಅಡ್ಡ ನಿಂತು ಕಾದಾಡಿ ಮಡಿದವರಿಗೆ ಹಿಂದಿನವರು ವೀರಗಲ್ಲು ನಿಲ್ಲಿಸಿದರು. ಅಂಥ ಕಾಳಗಕ್ಕೆ ತುರುಗೋಳ್ ಎಂದು ಹೆಸರು. ಅದು ಶೌರ್ಯ, ಅದಕ್ಕೆ ನಾವು ತಲೆಬಾಗಬೇಕು. ಆದರೆ ಕಡೂರಿನಲ್ಲೇ ಕ್ರಿ.ಶ. 971ರ ಇನ್ನೊಂದು ಶಾಸನವಿದೆ. ಗಂಗರಾಜ ಬೂತುಗನ ಅಕ್ಕ ಪಾಂಬಬ್ಬೆ ಜೈನ ಸನ್ಯಾಸ ಸ್ವೀಕರಿಸಿ, ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿ ದೇಹ ಬಿಟ್ಟಳೆಂದು ಅದು ಹೇಳುತ್ತದೆ. ಆಕೆಯ ಧರ್ಮ ಬೇರೆ, ಹಾದಿ ಬೇರೆ. ಆದರೂ ಅರಮನೆಯ ಹೆಣ್ಣುಮಗಳೊಬ್ಬಳು ಮೂವತ್ತು ವರ್ಷ ಹಿಡಿದ ವ್ರತ ಬಿಡದೆ ನಿಂತದ್ದನ್ನು ನಮ್ಮ ಊರು ಕಲ್ಲಿನ ಮೇಲೆ ಬರೆದಿಟ್ಟಿತು. ಒಂದು ಗಳಿಗೆಯ ಶೌರ್ಯಕ್ಕೆ ಮಾತ್ರವಲ್ಲ, ಮೂವತ್ತು ವರ್ಷದ ಕೆಚ್ಚಿಗೂ ಕಲ್ಲು ನಿಂತಿತು.

13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರ ಬೋಧನೆಯೂ ಇದೇ. ಧೈರ್ಯದ ಮುಖ್ಯ ಕಾರ್ಯ ಮೇಲೆ ಬಿದ್ದು ಹೋರಾಡುವುದಲ್ಲ, ಅಪಾಯದ ನಡುವೆ ಕದಲದೆ ತಾಳಿಕೊಂಡು ನಿಲ್ಲುವುದು. ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳಲಿಲ್ಲವೇ?

ಸಂತ ಪೇತ್ರರನ್ನು ನೋಡಿರಿ. ಯೇಸುಸ್ವಾಮಿಯನ್ನು ಬಂಧಿಸಲು ಬಂದಾಗ ಅವರು ಕತ್ತಿ ಹಿರಿದು ಪ್ರಧಾನ ಯಾಜಕನ ಆಳಿನ ಕಿವಿ ಕತ್ತರಿಸಿದರು (ಯೊವಾನ್ನ 18:10). ಎಂಥ ಸಾಹಸ! ಅದೇ ರಾತ್ರಿ, ಬಾಗಿಲು ಕಾಯುವ ಹುಡುಗಿಯೊಬ್ಬಳು ಕೇಳಿದ ಒಂದು ಪ್ರಶ್ನೆಗೆ ಹೆದರಿ ಗುರುವನ್ನೇ ಅಲ್ಲಗಳೆದರು. ಕೈಯಲ್ಲಿ ಕತ್ತಿಯಿತ್ತು, ಎದೆಯಲ್ಲಿ ಕೆಚ್ಚಿರಲಿಲ್ಲ. ಆದರೆ ಶಿಲುಬೆಯ ಬಳಿ ಮಾತೆ ಮರಿಯಮ್ಮನವರೂ ಇತರ ಸ್ತ್ರೀಯರೂ ನಿಂತಿದ್ದರು. ಅವರು ಯಾರ ಮೇಲೂ ಕೈಯೆತ್ತಲಿಲ್ಲ, ಓಡಿಹೋಗಲೂ ಇಲ್ಲ.

ಪವಿತ್ರಾತ್ಮರು ಇಳಿದು ಬಂದ ಮೇಲೆ ಅದೇ ಪೇತ್ರರು ಕತ್ತಿಯಿಲ್ಲದೆ ನ್ಯಾಯಸಭೆಯ ಮುಂದೆ ನಿಂತು ಮಾತನಾಡಿದರು. ಈ ದಿಟ್ಟತನಕ್ಕೆ ಪ್ರೇಷಿತರ ಕಾರ್ಯಕಲಾಪಗಳಲ್ಲಿ ‘ಪಾರ್ರೇಸಿಯ’ ಎಂಬ ಗ್ರೀಕ್ ಪದವಿದೆ. ಮುಚ್ಚುಮರೆಯಿಲ್ಲದೆ ಮಾತನಾಡುವುದು ಎಂದು ಅದರ ಅರ್ಥ. ಮುಂದೆ ನಡೆದದ್ದನ್ನು ಗಮನಿಸಿರಿ (4:23-31). ಬಿಡುಗಡೆಯಾದ ಪೇತ್ರ ಮತ್ತು ಯೊವಾನ್ನರು ನೇರವಾಗಿ ತಮ್ಮವರ ಬಳಿಗೆ ಹೋಗಿ ನಡೆದುದನ್ನೆಲ್ಲ ಹೇಳಿಕೊಂಡರು. ಎಲ್ಲರೂ ಕೂಡಿ ಪ್ರಾರ್ಥಿಸಿದರು. ಬೆದರಿಕೆ ದೂರವಾಗಲಿ ಎಂದು ಅವರು ಬೇಡಲಿಲ್ಲ; ಧೈರ್ಯ ಕೊಡು ಎಂದು ಬೇಡಿದರು.

ಇಲ್ಲಿ ನಮ್ಮ ನುಡಿಯ ಸೊಗಸನ್ನು ನೋಡಿರಿ. ಶೌರ್ಯವನ್ನು ತೋರಿಸುತ್ತೇವೆ, ಸಾಹಸವನ್ನು ಮಾಡುತ್ತೇವೆ. ಆದರೆ ಧೈರ್ಯವನ್ನು ಹೇಳುತ್ತೇವೆ, ಕೊಡುತ್ತೇವೆ, ತುಂಬುತ್ತೇವೆ. ಯಾರಿಗಾದರೂ ‘ಶೌರ್ಯ ಹೇಳಿ ಬಾ’ ಎಂದು ಯಾರೂ ಅನ್ನುವುದಿಲ್ಲ. ಸಾವಿನ ಮನೆಗೆ ಹೊರಟವರು ಮಾತ್ರ ‘ಸ್ವಲ್ಪ ಧೈರ್ಯ ಹೇಳಿ ಬರೋಣ’ ಎನ್ನುತ್ತಾರೆ. ಧೈರ್ಯ ಒಬ್ಬನೇ ಬಚ್ಚಿಟ್ಟುಕೊಳ್ಳುವ ಸೊತ್ತಲ್ಲ. ಒಬ್ಬರಿಂದ ಒಬ್ಬರಿಗೆ ದಾಟುವ ವರ. ಪವಿತ್ರಾತ್ಮರಿಗಿರುವ ‘ಪರಾಕ್ಲೇತ’ ಎಂಬ ಹೆಸರಿನ ಅರ್ಥವೂ ಪಕ್ಕಕ್ಕೆ ಕರೆಯಲ್ಪಟ್ಟ ಸಹಾಯಕರು ಎಂದೇ.

ನಮ್ಮದು ಮಳೆ ನೆರಳಿನ ಸೀಮೆ. ಬೋರ್‌ವೆಲ್ ಬತ್ತಿ, ತೆಂಗು ಅಡಿಕೆ ಒಣಗಿ, ಸಾಲ ತಲೆಯ ಮೇಲೆ ಬಂದಾಗ ಎಷ್ಟೋ ಮನೆಯ ಯಜಮಾನರು ಹೆಂಡತಿಗೂ ಹೇಳದೆ ಒಳಗೊಳಗೇ ಕುದಿಯುತ್ತಾರೆ. ಮರ್ಯಾದೆ ಹೋಗುತ್ತದೆ ಎಂದು ಬಾಯಿ ಬಿಡುವುದಿಲ್ಲ. ಯಾರಾದರೂ ಹತಾಶೆಯಿಂದ ಜೀವ ಕಳೆದುಕೊಂಡರೆ, ‘ಎಂಥ ಧೈರ್ಯ ಮಾಡಿಬಿಟ್ಟ’ ಎನ್ನುವವರೂ ಇದ್ದಾರೆ. ಪ್ರಿಯರೇ, ದಯವಿಟ್ಟು ಆ ಮಾತು ಆಡಬೇಡಿ. ಅಗಲಿದವರಿಗೆ ನಾವು ತೀರ್ಪು ಕೊಡುವುದಿಲ್ಲ. ಅವರನ್ನು ದೇವರ ಕರುಣೆಗೆ ಒಪ್ಪಿಸಿ ಪ್ರಾರ್ಥಿಸುತ್ತೇವೆ. ಆದರೆ ಅದಕ್ಕೆ ಧೈರ್ಯವೆಂದು ಹೆಸರಿಟ್ಟರೆ, ಅದೇ ಸಂಕಟದಲ್ಲಿರುವ ಇನ್ನೊಬ್ಬನಿಗೆ ತಪ್ಪು ದಾರಿ ತೋರಿಸಿದಂತೆ. ‘ನನಗೆ ಕಷ್ಟವಾಗಿದೆ, ಜೊತೆಗಿರಿ’ ಎಂದು ಬಾಯಿಬಿಟ್ಟು ಹೇಳುವುದೇ ನಿಜವಾದ ಧೈರ್ಯ. ಅದೂ ಮುಚ್ಚುಮರೆಯಿಲ್ಲದ ಮಾತೇ. ಪೇತ್ರ ಮತ್ತು ಯೊವಾನ್ನರು ತಮ್ಮವರ ಬಳಿ ಹೇಳಿಕೊಂಡದ್ದು ಹಾಗೆಯೇ.

ಆದುದರಿಂದ ಈ ಹಬ್ಬದ ವಾರ ಪ್ರತಿ ಕುಟುಂಬವೂ ಎರಡು ಕೆಲಸ ಮಾಡಲಿ. ಒಂದು, ಸಂಜೆಯ ಜಪಸರದ ನಂತರ ಮನೆಮಂದಿ ಕೂತು, ಮನೆಯ ಕಷ್ಟವನ್ನು ಒಬ್ಬರಿಗೊಬ್ಬರು ಬಿಚ್ಚಿ ಹೇಳಲಿ. ಎರಡು, ಹೆಚ್ಚು ಮಾತಿಲ್ಲದೆ ಮೂಲೆ ಸೇರಿರುವ ನೆರೆಯವರೊಬ್ಬರ ಮನೆಗೆ ಹೋಗಿ ಬರಲಿ. ಅವರು ಯಾವ ಜಾತಿ, ಯಾವ ಧರ್ಮದವರಾದರೂ ಸರಿ. 1833ರಲ್ಲಿ ಪ್ಯಾರಿಸಿನಲ್ಲಿ ಧನ್ಯ ಫ್ರೆಡ್ರಿಕ್ ಓಝನಾಮರೂ ಗೆಳೆಯರೂ ಆರಂಭಿಸಿದ ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಇಂದಿಗೂ ಮಾಡುವುದು ಇದನ್ನೇ: ಬಡವರ ಮನೆ ಬಾಗಿಲಿಗೆ ಹೋಗಿ ಅವರ ಜೊತೆ ಕೂರುವುದು.

ದೃಢೀಕರಣ ಸಂಸ್ಕಾರದಲ್ಲಿ ನಮ್ಮ ಹಣೆಗೆ ಪವಿತ್ರ ತೈಲದ ಮುದ್ರೆ ಬಿದ್ದಿದೆ. ಆ ಸಂಸ್ಕಾರದ ಹೆಸರೇ ನಮ್ಮನ್ನು ದೃಢಪಡಿಸುವುದು. ಪವಿತ್ರಾತ್ಮರೇ, ಬನ್ನಿ. ನಮ್ಮ ಕೈಯ ಕತ್ತಿಯನ್ನು ಕೆಳಗಿಡಿಸಿ, ನಮ್ಮ ಎದೆಗೆ ಕೆಚ್ಚು ಕೊಡಿ. ಕುಗ್ಗಿದವರಿಗೆ ಧೈರ್ಯ ಹೇಳುವ ಬಾಯಿಯನ್ನೂ ಕೊಡಿ. ಆಮೆನ್.